ಗೋಡೆಯ ಮೇಲಿನಾಕೆ

ನನಗೆ ನೌಕರಿ ಕೊಡಿಸುತ್ತೇನೆಂದು ಫೋನು ಮಾಡುತ್ತಿದ್ದ ಏಜೆಂಟ ಒಂದು ದಿನವಾದರೂ ಹೊತ್ತು ನೋಡಿ ಮಾಡಿದವನಲ್ಲ. ಎದುರು ಮನೆಯ ಕಾಕು ಸ್ನಾನ ಮುಗಿಸಿ, ಮಡಿ ಸೀರೆ ಉಟ್ಟು, ದೇವರ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ ಅವರ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಮಡಿಯಲ್ಲಿದ್ದಾಗ ಕಾಕು ಫೋನು ಮುಟ್ಟುವವರಲ್ಲ. ದೇವರ ಕೋಣೆಯಿಂದಲೇ ಕಲಬುರಗಿಯ ನಮ್ಮ ಬಡಾವಣೆ ಖೂಬಾ ಪ್ಲಾಟಿನ ಅರ್ಧಕ್ಕೆ ಕೇಳುವಂತೆ ಒದರುತ್ತಿದ್ದರು.

"ಏ ಪೋರಿ, ಬಾ! ನಿನ್ನ ನೌಕರಿಯಾಂವ ಮತ್ತ ಶುರು ಮಾಡ್ಯಾನ!"

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಡಿ.ಫಾರ್ಮಾ ಪಾಸಾಗಿ, ಅಣ್ಣನ ಬಾಡಿಗೆ ಮನೆಯಲ್ಲಿ ಕೂತಿದ್ದೆ. ನಮ್ಮ ಓಣಿಯಲ್ಲಿ ಫೋನಿದ್ದದ್ದು ಕಾಕುವಿನ ಮನೆಯಲ್ಲಿ ಮಾತ್ರ. ಓಣಿಯವರೆಲ್ಲ ಅರ್ಜಿಗಳಲ್ಲಿ ಅದೇ ನಂಬರು ಬರೆದು ಪಕ್ಕದಲ್ಲಿ ‘ಪಿ.ಪಿ.’, ಅಂದರೆ ನೆರೆಮನೆಯ ಫೋನು, ಎಂದು ಸೇರಿಸುತ್ತಿದ್ದೆವು. ಕಾಕು ಫೋನನ್ನು ಕಿಟಕಿಯ ಹತ್ತಿರ ಒಂದು ಸ್ಟೂಲಿನ ಮೇಲೆ ಇಟ್ಟಿದ್ದರು. ನಾನು ಹೊರಗೆ ನಿಂತು, ಸರಳುಗಳ ಸಂದಿಯಿಂದ ಕೈ ಹಾಕಿ ರಿಸೀವರ್ ಎತ್ತಬೇಕು. ಮಡಿ ಬೆಳಗಿನ ಹೊತ್ತಿನದು. ಆದರೆ ನನಗೆ ದಿನವಿಡೀ ಕಿಟಕಿಯೇ, ಬಾಗಿಲಲ್ಲ. ಅವರ ಅಂಗಳದಲ್ಲಿ ತುಳಸಿ ಕಟ್ಟೆ, ನಮ್ಮ ಗೋಡೆಯ ಮೇಲೆ ಬುದ್ಧನ ಪಟ. ಯಾರೂ ಬಾಯಿಬಿಟ್ಟು ಏನೂ ಅಂದಿರಲಿಲ್ಲ, ಆದರೆ ನನಗೆ ಕಣ್ಣಿರಲಿಲ್ಲವೇ? ಸಿಟ್ಟು ಬರುತ್ತಿತ್ತು. ಆದರೂ ಹೇಳಲೇಬೇಕು, ಓಣಿಯ ಯಾರಿಗೇ ಫೋನು ಬಂದರೂ ಕಾಕು ಒಮ್ಮೆಯೂ ಬೇಸರಪಟ್ಟುಕೊಂಡವರಲ್ಲ. ಬಾಣಂತಿಯ ಸುದ್ದಿ, ಸಾವಿನ ಸುದ್ದಿ, ವರ್ಗಾವಣೆಯ ಸುದ್ದಿ ಎಲ್ಲವೂ ಆ ಕಿಟಕಿಯಿಂದಲೇ ನಮ್ಮ ಮನೆಗಳಿಗೆ ಬರುತ್ತಿತ್ತು.

ಏಜೆಂಟನಿಗೆ ನನ್ನ ಹೆಸರು, ನಂಬರು ಕೊಟ್ಟವರು ಯಾರೋ ಇವತ್ತಿಗೂ ಗೊತ್ತಿಲ್ಲ. ನಾನಂತೂ ಅವನಲ್ಲಿ ಅರ್ಜಿ ಹಾಕಿರಲಿಲ್ಲ. ಮೊದಲ ಸಲ ಮಾತಾಡಿದಾಗಲೇ ಹುಟ್ಟಿದಾಗಿನಿಂದ ನೋಡಿದವನ ಹಾಗೆ ಮಾತು.

"ಮೇಡಂ, ನಿಮ್ಮಂಥಾ ಹೋಶಿಯಾರ್ ಹುಡುಗಿ ಮನ್ಯಾಗ ಕೂಡ್ತಾರೇನ್ರೀ? ಬಡಾ ಪಾರ್ಟಿ ಅದ. ನಾಳಿ ಇಂಟರ್‌ವ್ಯೂ. ಒರಿಜಿನಲ್ ಸರ್ಟಿಫಿಕೇಟ್ ತರೋದು ಮರೀಬ್ಯಾಡ್ರಿ."

ಕೆಲಸ ಏನು, ಎಲ್ಲಿ, ಯಾರ ಅಂಗಡಿ ಎಂದು ಕೇಳಿದರೆ "ಬರ್ರಲ್ಲಾ, ಮುಂದ ಕುಂತು ಮಾತಾಡೋಣ" ಎನ್ನುತ್ತಿದ್ದ. ನೌಕರಿ ಕೊಡುವವನು ನೌಕರಿಯ ಬಗ್ಗೆ ಒಂದಕ್ಷರ ಹೇಳುವುದಿಲ್ಲವೆಂದರೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಪುಸ್ತಕ ತೆಗೆದು ಯಾವ ಔಷಧ ಎಷ್ಟು, ಯಾವುದರ ಜೊತೆ ಯಾವುದು ಕೊಡಬಾರದು ಎಂದು ಓದಿದ್ದೇ ಓದಿದ್ದು. ಅತ್ತಿಗೆಯ ಇಸ್ತ್ರಿ ಸೀರೆ ಉಟ್ಟು ಸ್ಟೇಶನ್ ಬಜಾರಿಗೆ ಹೋದೆ.

ಇಂಟರ್‌ವ್ಯೂ ನಡೆದದ್ದು ಒಂದು ಲಾಡ್ಜಿನ ಕೋಣೆಯಲ್ಲಿ. ಮಂಚದ ಅಂಚಿಗೆ ನನ್ನಂಥ ಹುಡುಗಿಯರು ಸಾಲಾಗಿ ಕೂತಿದ್ದರು. ಎಲ್ಲರಿಗೂ ಏಜೆಂಟ ಅದೇ ಒಂದು ಕೆಲಸದ ಆಸೆ ತೋರಿಸಿ ಕರೆಸಿದ್ದ. ನನ್ನ ಸರದಿ ಬಂದಾಗ ಔಷಧದ ವಿಷಯ ಒಂದೂ ಕೇಳಲಿಲ್ಲ. ನನ್ನ ರಿಜಿಸ್ಟ್ರೇಶನ್ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಫೋಟೋ ಮೇಲೆ ಒತ್ತಿದ್ದ ಸರ್ಕಾರಿ ಸಿಕ್ಕಾ ನೋಡಿ, ಆಮೇಲೆ ಕೇಳಿದ: "ಲಗ್ನ ಆಗ್ಯದೇನ್ರಿ? ಊರು ಯಾವುದು? ತಂದಿ ಏನ್ ಮಾಡ್ತಾರ?" ನಾನು ದಡ್ಡಿಯ ಹಾಗೆ ಎಲ್ಲ ಹೇಳಿದೆ. ಕಮಲಾಪುರ, ಅಪ್ಪ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ, ಅವ್ವ ಇಲ್ಲ. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ.

ಎರಡನೆಯ ಸಲ ಜಗತ್ ಸರ್ಕಲ್ ಹತ್ತಿರದ ತನ್ನ ಆಫೀಸಿಗೆ ಕರೆಸಿದ. ಚಪ್ಪಲಿ ಅಂಗಡಿಯ ಮೇಲಿನ ಕೋಣೆ. ಅಲ್ಲಿ ಗುಟ್ಟು ಹೊರಬಿತ್ತು. ಒಬ್ಬ ಸಾಹುಕಾರರು ಹೊಸ ಮೆಡಿಕಲ್ ಅಂಗಡಿ ಇಡುತ್ತಾರೆ. ನನ್ನಂಥ ಓದಿದವರು ಒಬ್ಬರಿಲ್ಲದೆ ಲೈಸೆನ್ಸು ಸಿಗುವುದಿಲ್ಲ. ಹಾಗಂತ ನಾನು ಅಂಗಡಿಗೆ ಬರುವುದೇನೂ ಬೇಡ.

"ಸರ್ಟಿಫಿಕೇಟ್ ಗೋಡಿಗಿ ಹಾಕ್ತಾರ, ಪಗಾರ ಮನಿಗಿ ಬರ್ತದ. ಬಿಲ್ಕುಲ್ ಆರಾಮ್!"

"ಮತ್ತ ಔಷಧ ಕೊಡಾವ್ರು ಯಾರ್ರೀ?" ಎಂದೆ.

"ಅದೆಲ್ಲಾ ನಿಮಗ್ಯಾಕ್ರಿ ಮೇಡಂ? ಯಾರರ ಇರ್ತಾರ."

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಬಿಸಿಲಿನಲ್ಲಿ ಬಾಳೆಗೊನೆ ಹೊತ್ತು ನನ್ನನ್ನು ಓದಿಸಿದ್ದು ಯಾರದೋ ಗೋಡೆಗೆ ಫೋಟೋ ಆಗಲಿಕ್ಕಲ್ಲ. ನನಗೆ ಬೇಕಾದದ್ದು ಒಂದೇ: ಬಿಳಿ ಕೋಟು ತೊಟ್ಟು ಕೌಂಟರಿನ ಹಿಂದೆ ನಿಲ್ಲುವುದು, ಡಾಕ್ಟರ ಚೀಟಿ ಓದಿ ಔಷಧ ಕೊಡುವುದು. ಆ ಸರ್ಟಿಫಿಕೇಟು ಒಂದು ಅಂಗಡಿಗೆ ಕೊಟ್ಟೆನೆಂದರೆ ಇನ್ನೊಂದು ಅಂಗಡಿಯಲ್ಲಿ ನಾನು ಕೆಲಸಕ್ಕೆ ನಿಲ್ಲುವ ಹಾಗಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿದ ಹಾಗೆಯೇ. ಆಗುವುದಿಲ್ಲ ಎಂದು ಮುಖಕ್ಕೇ ಹೇಳಿ ಮೆಟ್ಟಿಲಿಳಿದು ಬಂದೆ.

ಬೇರೆಯವನಾಗಿದ್ದರೆ ಸುಮ್ಮನಾಗುತ್ತಿದ್ದ. ಇವನು ಬೆನ್ನುಬಿದ್ದ. ದಿನಾ ಬೆಳಗ್ಗೆ ಕಾಕುವಿನ ಮಡಿ ಹೊತ್ತಿಗೆ ಅದೇ ಗಂಟೆ. ಒಂದು ದಿನ ಜೇನು, ಇನ್ನೊಂದು ದಿನ ಬೆದರಿಕೆ: "ಇಷ್ಟು ಸೊಕ್ಕು ಛಲೋ ಅಲ್ಲ ಮೇಡಂ, ಇಡೀ ಕಲಬುರಗಿ ಮೆಡಿಕಲ್‌ನಾಗ ನನ್ನ ಮಾತು ನಡೀತದ." ನಾನು ಫೋನಿಗೆ ಹೋಗುವುದನ್ನೇ ಬಿಟ್ಟೆ. ಆದರೆ ಬಿಟ್ಟರೂ ಕಷ್ಟ. ಎಲ್ಲಾದರೂ ಹಾಕಿದ ನಿಜವಾದ ಅರ್ಜಿಗೆ ಕರೆ ಬಂದಿದ್ದರೆ?

"ಯಾಕ ಪೋರಿ, ಅಂವನ ಜೋಡಿ ಜಗಳಾಡಿಯೇನು?" ಎಂದು ಒಂದು ಸಂಜೆ ಕಾಕು ಕಿಟಕಿಯಿಂದ ಕೇಳಿದರು. ಹೊರಗೆ ನಿಂತೇ ಎಲ್ಲ ಹೇಳಿದೆ. ಬಿಪಿಯ ಗುಳಿಗೆ ನುಂಗುತ್ತ ಕೇಳಿಸಿಕೊಂಡರು. ಅವರ ಯಜಮಾನರು ತೀರಿಹೋಗಿ ವರ್ಷಗಳಾಗಿದ್ದವು, ಮಗ ಬ್ಯಾಂಕಿನಲ್ಲಿದ್ದ. ಕಾಕು ಕೈಯಲ್ಲಿದ್ದ ಗುಳಿಗೆಯ ಪಟ್ಟಿಯನ್ನೇ ತಿರುಗಿಸಿ ನೋಡಿದರು. "ಅಗಬಾಯಿ! ಹಂಗಾರ ಇದನ್ನ ನನಗ ಕೊಟ್ಟಾಂವ ಓದಿದಾಂವನೋ, ಯಾರರನೋ?" ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ನನ್ನಿಂದ ಕೆಲಸವಾಗುವುದಿಲ್ಲವೆಂದು ಗೊತ್ತಾದ ಮೇಲೆ ಏಜೆಂಟ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದ. ಲಾಡ್ಜಿನಲ್ಲಿ ಊರು, ತಂದೆ ಎಂದೆಲ್ಲ ಯಾಕೆ ಕೇಳಿದ್ದ ಎನ್ನುವುದು ನನಗೆ ಆಮೇಲೆ ಹೊಳೆಯಿತು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅಪ್ಪನನ್ನು ಕೂರಿಸಿಕೊಂಡು, ಚಹಾ ಕುಡಿಸಿ, ಮಗಳು ಬಜಾರಿನಲ್ಲಿ ನಾಲ್ಕು ಗಂಡಸರ ಮುಂದೆ ನಿಲ್ಲುವುದು ಬೇಡ, ಮನೆಯಲ್ಲೇ ಮರ್ಯಾದೆಯಿಂದ ಇರಲಿ, ಕಾಗದ ಒಂದು ತಂದುಕೊಟ್ಟರೆ ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದನಂತೆ. ಪ್ಯಾಂಟು ತೊಟ್ಟವನೊಬ್ಬ ಹುಡುಕಿಕೊಂಡು ಬಂದು ‘ನೀವು’ ಎಂದು ಮಾತಾಡಿಸಿದರೆ ನನ್ನಪ್ಪ ಕರಗದೆ ಏನು ಮಾಡಿಯಾನು?

ಮರುದಿನ ಮೊದಲ ಬಸ್ಸಿಗೇ ಅಪ್ಪ ಬಂದ. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆ, ತಲೆಗೆ ಒಗೆದ ರುಮಾಲು. ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿದು, ನೇರ ವಿಷಯಕ್ಕೇ ಬಂದ.

"ಯವ್ವಾ, ಆ ಕಾಗದ ಕೊಡು. ಇವತ್ತ ಮುಟ್ಟಿಸ್ತೀನಿ ಅಂತ ಮಾತು ಕೊಟ್ಟೀನಿ."

"ಕೊಡಂಗಿಲ್ಲಪ್ಪ."

"ಹಠ ಮಾಡಬ್ಯಾಡ. ಭಾಳ ಛಲೋ ಮನಶಾ ಅವ. ಮನ್ಯಾಗ ಕುಂತ್ರೂ ಪಗಾರ ಬರ್ತದಂತ ಹೇಳ್ಯಾನ."

ನಾನು ಬಾಯಿ ತೆಗೆಯುವಷ್ಟರಲ್ಲಿ ಎದುರು ಮನೆಯ ಫೋನು ಹೊಡೆದುಕೊಂಡಿತು. ಅಪ್ಪ ಬರುವ ದಿನ ಏಜೆಂಟನಿಗೆ ಗೊತ್ತಿತ್ತಲ್ಲ. ದೇವರ ಕೋಣೆಯಿಂದ ಕಾಕು ಎಂದಿನಂತೆ ಒದರಿದರು. ನಾನು ಏಳಲಿಲ್ಲ. "ಹೋಗು, ಅವನೇ ಇರಬೇಕು," ಎಂದ ಅಪ್ಪ. ನಾನು ಕಟ್ಟೆ ಹಿಡಿದು ಕೂತೆ. ಗಂಟೆ ನಿಂತಿತು, ಮತ್ತೆ ಶುರುವಾಯಿತು. ಕಾಕು ಇನ್ನೊಮ್ಮೆ ಒದರಿದರು. ಆಮೇಲೆ ಒದರುವುದು ನಿಂತು, ಒದ್ದೆ ಹೆಜ್ಜೆಯ ಸದ್ದು ಕೇಳಿಸಿತು. ನೋಡುತ್ತೇನೆ, ಮಡಿ ಸೀರೆಯಲ್ಲೇ ಬಂದ ಕಾಕು ಕಿಟಕಿಯಲ್ಲಿ ನಿಂತು, ನನ್ನನ್ನೂ ಅಪ್ಪನನ್ನೂ ಒಮ್ಮೆ ನೋಡಿ, ರಿಸೀವರ್ ಎತ್ತೇಬಿಟ್ಟರು.

"ಯಾರ್ರೀ ನೀವು? ಹಾಂ, ಇದ್ದಾಳ. ಬರೂದಿಲ್ಲಂತ. ಏನದ ಅದನ್ನ ನನಗ ಹೇಳ್ರಿ."

ಆ ಕಡೆಯಿಂದ ಏನೋ ಜೇನಿನ ಮಾತು ಬಂದಿರಬೇಕು.

"ಹೌದೇನು? ಕಾಗದ ಗೋಡಿ ಮ್ಯಾಲ, ಪೋರಿ ಮನ್ಯಾಗ! ಮತ್ತ ನಾ ಬಿಪಿ ಗುಳಿಗಿ ತಗೊಳ್ಳಿಕ್ಕೆ ಬಂದ್ರ ಕೊಡಾವ್ರು ಯಾರ್ರೀ? ಕಾಗದ ಗೋಡಿ ಇಳದು ಬಂದು ಕೊಡ್ತದೇನು?"

ದೂರದಿಂದ ನೀರಿನ ಕೊಡ ಹೊತ್ತು ಓಣಿಯಲ್ಲಿ ಬರುತ್ತಿದ್ದವರೂ ನಿಂತರು.

"ಯಾರರ ಇರ್ತಾರಾ? ಆ ಯಾರರ ತಪ್ಪು ಗುಳಿಗಿ ಕೊಟ್ಟು ನಾ ಸತ್ರ, ಪೊಲೀಸರು ಯಾರ ಮನಿಗೆ ಬರ್ತಾರ? ನಿಮ್ಮ ಮನಿಗೋ, ಫೋಟೋದಾಗ ಇದ್ದಾಕಿ ಮನಿಗೋ? ಹೇಳ್ರಲ್ಲಾ, ಈಗ್ಯಾಕ ಬಾಯಿ ಬಂದ್ ಆತು? ಇನ್ನೊಮ್ಮೆ ಈ ನಂಬರಿಗೆ ಫೋನ್ ಹಚ್ಚಿ ನೋಡ್ರಿ, ನಿಮ್ಮ ಜಗತ್‌ಗೇ ಬಂದು ಕೇಳ್ತೀನಿ!"

ರಿಸೀವರ್ ಕುಕ್ಕಿದರು. ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡು "ಅರೇ ದೇವಾ, ಮಡಿ ಹೋತಲ್ಲೋ!" ಎಂದರು. ಆ ವಾರ ನಳಕ್ಕೆ ನೀರು ಬಂದಿರಲಿಲ್ಲ. ಇಡೀ ಓಣಿ ಲೋಟ ಲೋಟ ಲೆಕ್ಕ ಹಾಕಿ ನೀರು ಬಳಸುತ್ತಿತ್ತು. ಕಾಕು ಅಡುಗೆಗೆಂದು ಉಳಿಸಿಕೊಂಡಿದ್ದ ಹಂಡೆಯ ನೀರಿನಲ್ಲಿ ಎರಡನೆಯ ಸಲ ತಲೆಗೆ ಸ್ನಾನ ಮಾಡಿ, ಮತ್ತೆ ಮೊದಲಿನಿಂದ ಪೂಜೆಗೆ ಕೂತರು. ಆ ದಿನ ಅವರ ಮನೆಯಲ್ಲಿ ಒಲೆ ಹೊತ್ತಿದ್ದು ಮಧ್ಯಾಹ್ನ ಕಳೆದ ಮೇಲೆ. ನನ್ನ ಸಲುವಾಗಿ ಯಾರಾದರೂ ಹಾಗೆ ಮಾಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು.

ಅಪ್ಪ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನ ಕಡೆ ತಿರುಗಿ ಕೇಳಿದ.

"ಹಂಗಾರ ಅಲ್ಲಿ ನಿನ್ನ ಹೆಸರಿನಾಗ ಔಷಧ ಕೊಡಾಂವ ಬ್ಯಾರೇನೇ?"

"ಹೌದಪ್ಪ."

"ಇದನ್ನ ಅಂವ ನನಗ ಹೇಳೇ ಇಲ್ಲ ನೋಡು, ಭಾಡ್ಯಾ." ರುಮಾಲು ಮತ್ತೆ ಸುತ್ತಿಕೊಂಡು ಎದ್ದು ನಿಂತ. "ಕಾಗದ ತಗೊಂಡು ನಡಿ. ನಾನೂ ಬರ್ತೀನಿ. ಕೆಲಸ ಹ್ಯಾಂಗ ಸಿಗಂಗಿಲ್ಲ ನೋಡೇ ಬಿಡೂಣು."

ಆ ಬಿಸಿಲಿನಲ್ಲಿ ಧೋತರದ ಅಪ್ಪ ಮುಂದೆ, ಸರ್ಟಿಫಿಕೇಟ್ ಹಿಡಿದ ನಾನು ಹಿಂದೆ. ಜಗತ್‌ನಿಂದ ಸ್ಟೇಶನ್ ಬಜಾರಿನವರೆಗೆ ಕಂಡ ಮೆಡಿಕಲ್ ಅಂಗಡಿಯನ್ನೆಲ್ಲ ಹೊಕ್ಕೆವು. ಅಪ್ಪನಿಗೆ ಸಂಕೋಚವೆಂಬುದೇ ಇರಲಿಲ್ಲ. "ನಮ್ಮ ಹುಡುಗಿ ಔಷಧದ ವಿದ್ಯಾ ಕಲ್ತಾಳ್ರೀ, ಕೆಲಸ ಅದೇನು?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳುತ್ತಿದ್ದ. ಕೆಲವರು ಕೈಯಾಡಿಸಿ ಇಲ್ಲವೆಂದರು. ಕೆಲವರು ನನ್ನನ್ನು ಬಿಟ್ಟು ಕಾಗದದ ಕಡೆಗೇ ಕಣ್ಣು ಹಾಕಿ "ಹುಡುಗಿ ಬರೋದೇನು ಬ್ಯಾಡ್ರಿ, ಇದನ್ನಷ್ಟೇ ಕೊಟ್ಟು ಹೋಗ್ರಿ" ಎಂದರು. ಆಗ ನನ್ನಪ್ಪನ ಉತ್ತರ ಕೇಳಬೇಕಿತ್ತು.

"ಎರಡೂ ಕೂಡೇ ಬರ್ತಾವ್ರೀ ಸಾಹುಕಾರ. ಒಂದನ್ನ ಬಿಟ್ಟು ಒಂದು ಕೊಡಂಗಿಲ್ಲ."

ಬೆಳಗ್ಗೆ ಆ ಕಾಗದ ಒಯ್ಯಲೆಂದೇ ಬಂದಿದ್ದ ಮನುಷ್ಯ ಇವನೇನಾ ಎಂದು ನಾನು ಬೆರಗಾಗಿ ನೋಡಿದೆ.

ಸ್ಟೇಶನ್ ಎದುರಿನ ಒಂದು ಹಳೆಯ ಅಂಗಡಿಯಲ್ಲೂ ಇಲ್ಲವೆಂದೇ ಹೇಳುತ್ತಿದ್ದರು. ಮಾಲಿಕರು ವಯಸ್ಸಾದವರು, ತಾವೇ ಓದಿ ಅಂಗಡಿ ಇಟ್ಟವರು. ಇನ್ನೊಬ್ಬರ ಅಗತ್ಯ ಅವರಿಗಿರಲಿಲ್ಲ. ಅಷ್ಟರಲ್ಲಿ ರೈಲಿಳಿದು ಬಂದ ಹೆಂಗಸೊಬ್ಬಳು ಅಂಗಡಿಯ ಬದಿಗೆ ಬಂದು ನಿಂತಳು. ಗಂಡಸರೆಲ್ಲ ಹೋಗಲಿ ಎಂದು ಸೆರಗು ಬಾಯಿಗೆ ಹಿಡಿದು ಕಾಯುತ್ತಿದ್ದಳು. ಮಾಲಿಕರು "ಏನ್ ಬೇಕಮ್ಮ?" ಎಂದರೆ ತಲೆ ತಗ್ಗಿಸಿದಳು. ಆಮೇಲೆ ನನ್ನನ್ನು ಕಂಡು, ಹತ್ತಿರ ಬಂದು, ಕಿವಿಯಲ್ಲಿ ತನ್ನ ತೊಂದರೆ ಹೇಳಿಕೊಂಡಳು. ಎಷ್ಟು ದಿನದಿಂದ, ಜ್ವರ ಇದೆಯೇ, ಬಸುರಿಯೇ ಎಂದು ನಾನು ಮೆಲ್ಲಗೆ ಕೇಳಿದೆ. ಬಸುರಿ ಎಂದಳು. ಇದಕ್ಕೆ ಅಂಗಡಿಯ ಗುಳಿಗೆ ಬೇಡ, ಇವತ್ತೇ ಡಾಕ್ಟರಿಗೆ ತೋರಿಸು ಎಂದು ದವಾಖಾನೆಯ ದಾರಿ ಹೇಳಿ ಕಳಿಸಿದೆ.

ಮಾಲಿಕರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಇಂಥವ್ರು ದಿನಾ ಬಂದು, ನಿಂತು, ಏನೂ ಕೇಳ್ದೆ ಹೊಳ್ಳಿ ಹೋಗ್ತಾರ," ಎಂದರು. ಅಪ್ಪನ ಧೋತರ ಒಮ್ಮೆ ನೋಡಿ, ನನ್ನ ಕಾಗದ ಇಸಿದುಕೊಂಡು ಓದಿದರು. "ನಾಳಿಂದ ಬಾ," ಎಂದರು. ಅಪ್ಪ ರುಮಾಲಿನಲ್ಲಿ ಕಣ್ಣೊರೆಸಿಕೊಂಡು, ಬೆವರೆಂದು ಸುಳ್ಳು ಹೇಳಿದ.

ಸುದ್ದಿ ಹೇಳಲು ಕಿಟಕಿಗೆ ಹೋದೆ. ಕಾಕು "ದೇವರ ದಯಾ," ಎಂದು ಸರಳಿನ ಸಂದಿಯಿಂದ, ಕೈಗೆ ಕೊಡದೆ, ಕಿಟಕಿಯ ಅಂಚಿನ ಮೇಲೆ ಸಕ್ಕರೆ ಇಟ್ಟರು. ಕಿಟಕಿ ಕಿಟಕಿಯಾಗಿಯೇ ಇತ್ತು. ಅದನ್ನು ನಾನು ಮರೆತಿಲ್ಲ, ಮುಚ್ಚಿಡುವುದೂ ಇಲ್ಲ. ಆದರೆ ಅವರ ಎರಡನೆಯ ಸ್ನಾನವನ್ನೂ ಮರೆತಿಲ್ಲ.

ಕೆಲಸಕ್ಕೆ ಸೇರಿ ಕೆಲವು ದಿನಗಳಾದ ಮೇಲೆ ಅಂಗಡಿಯ ಮುಂದೆ ಒಂದು ಆಟೊ ನಿಂತಿತು. ಖೂಬಾ ಪ್ಲಾಟಿನಲ್ಲಿ ಇಲ್ಲದ ಮೆಡಿಕಲ್ ಅಂಗಡಿಯೇ? ಅವನ್ನೆಲ್ಲ ದಾಟಿ ಕಾಕು ಸ್ಟೇಶನ್ ಬಜಾರಿನವರೆಗೆ ಬಿಪಿ ಗುಳಿಗೆಗೆ ಬಂದಿದ್ದರು. ಈ ಸಲ ಒಳಗೆ ನಾನು, ಹೊರಗೆ ಕಾಕು. ಚೀಟಿ ಓದಿ, ಗುಳಿಗೆಯ ಪಟ್ಟಿ ತೆಗೆದು, ತಾರೀಖು ನೋಡಿ, ಅಭ್ಯಾಸಬಲದಿಂದ ಅವರ ಕೈಗೆ ತಾಗದಂತೆ ಕೌಂಟರಿನ ಮೇಲೆ ಇಡಲು ಹೋದೆ. "ಅಲ್ಲ್ಯಾಕ ಇಡ್ತಿ?" ಎಂದು ಅಂಗೈ ಚಾಚಿದರು. ಅಂಗೈಯಲ್ಲಿಟ್ಟೆ.

ಅವರು ಕೂಡಲೇ ಹೋಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಕತ್ತೆತ್ತಿ, ನನ್ನ ಹಿಂದಿನ ಗೋಡೆಯಲ್ಲಿ ಮಾಲಿಕರ ಸರ್ಟಿಫಿಕೇಟಿನ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ್ದ ನನ್ನ ಸರ್ಟಿಫಿಕೇಟಿನ ಫೋಟೋ ನೋಡಿದರು. ಆಮೇಲೆ ಬಿಳಿ ಕೋಟಿನ ನನ್ನನ್ನು ನೋಡಿದರು. ಮತ್ತೊಮ್ಮೆ ಗೋಡೆ, ಮತ್ತೊಮ್ಮೆ ನಾನು.

"ಹಾಂ, ಬರೋಬ್ಬರಿ ಅದ," ಎಂದರು ಕಾಕು. "ಇಬ್ಬರೂ ಬಂದೀರಿ."