ನನ್ನ ಎಡಗಾಲಿಗೆ ರಜೆ

ಹೋದ ತಿಂಗಳು ನಾನು ನನ್ನ ತಮ್ಮನ ಸೊಂಟಕ್ಕೆ ಒದ್ದೆ.

ಜಗಳವಾಗಿ ಅಲ್ಲ. ಔಷಧಿಯಾಗಿ.

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಬಂದಿತ್ತಂತೆ. ಅಂಥವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಾವು ದುಡಿಯಲು ಬಂದ ಈ ಊರಿನ ಮರಾಠಿಯವರೂ ನಂಬುತ್ತಾರೆ. ಹಾಗಾಗಿ ಕಾತ್ರಜದ ನಮ್ಮ ಗಲ್ಲಿಯಲ್ಲಿ ಜೋಳದ ರೊಟ್ಟಿ ಮಾರುವ ನನಗೆ ಇನ್ನೊಂದು ಪದವಿಯೂ ಉಂಟು. (ಶಾಲೆಯ ಪದವಿ ಆರನೇ ಕ್ಲಾಸಿಗೇ ಮುಗಿಯಿತು.) ಸೊಂಟ ಹಿಡಿದವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ, ನಾನು ಎಡಗಾಲಿನಿಂದ ಒದೆಯುತ್ತೇನೆ. ಬಿಟ್ಟಿ ಸೇವೆ. ಆದರೆ ಅದರಿಂದ ಸಿಗುವ ಮರ್ಯಾದೆ ಇದೆಯಲ್ಲ, ಅದನ್ನು ಬಿಡಲಾಗುತ್ತದೆಯೇ?

ತಮ್ಮ ಶಿವಪ್ಪ ಟೈಲ್ಸ್ ಹಾಕುವವನು. ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಬಗ್ಗುವ ಕೆಲಸ. ಒಂದು ಸಂಜೆ ಸೊಂಟ ಹಿಡಿದುಕೊಂಡು ಬಂದ. ನಾನು ಸೀರೆ ಎತ್ತಿ ಸಿಕ್ಕಿಸಿದೆ.

"ಬ್ಯಾಡಕ್ಕ, ಮಲಕೊಂಡ್ರ ಸರಿ ಹೋಗ್ತದ," ಅಂದ.

ಬಾಗಿಲಲ್ಲಿ ಪಕ್ಕದ ಮನೆಯ ಶಾಂತವ್ವ ನಿಂತು ನೋಡುತ್ತಿದ್ದಳು. ಸ್ವಂತ ತಮ್ಮನೇ ಬೇಡ ಅಂದರೆ ನನ್ನ ಕಾಲಿಗೇನು ಬೆಲೆ? ಜೋರಾಗಿಯೇ ಒದ್ದೆ.

ಅವನು ಗೋಡೆ ಹಿಡಿದು ಕೆಳಗೆ ಜಾರಿದ. ಮರುದಿನ ಏಳಲಾಗಲಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆಗೆ ಏನೂ ಆಗಿಲ್ಲ, ಸ್ನಾಯು ಬಿಗಿದುಕೊಂಡಿದೆ, ಗುಳಿಗೆ ತಗೊಂಡು ವಿಶ್ರಾಂತಿ ಮಾಡು ಅಂದರು. ಹೇಗಾಯ್ತು ಅಂತ ಕೇಳಿದಾಗ ಶಿವಪ್ಪ, ಸೈಟಿನಲ್ಲಿ ಜಾರಿದೆ ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಗುಳಿಗೆಯ ಚೀಟಿ ತೆಗೆದುಕೊಂಡು ಹೊರಬಂದೆ.

ಗುಳಿಗೆಗೆ ನೋವು ತಗ್ಗಿತು. ಬಗ್ಗಲು ಮಾತ್ರ ಆಗುತ್ತಿರಲಿಲ್ಲ. ಬಗ್ಗಲಾಗದವನು ಟೈಲ್ಸ್ ಹೇಗೆ ಹಾಕುತ್ತಾನೆ? ಕೆಲಸ ಕೊಡುತ್ತಿದ್ದ ಠೇಕೇದಾರ ಬೇರೆಯವರನ್ನು ಹುಡುಕತೊಡಗಿದ್ದ. ರೊಟ್ಟಿ ಬಡಿಯುವಾಗಲೆಲ್ಲ ನನಗೆ ಆ ಒದೆತದ ಸಪ್ಪಳವೇ ಕೇಳುತ್ತಿತ್ತು.

ನನ್ನ ರೊಟ್ಟಿ ಕೊಳ್ಳುವವರಲ್ಲಿ ಮೃಣಾಲತಾಯಿ ಅಂತ ಒಬ್ಬರಿದ್ದಾರೆ. (ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ.) ಜಪಾನಿನ ಶಿಯಾತ್ಸು ಚಿಕಿತ್ಸೆ ಕಲಿತವರು. ಎಣ್ಣೆ ಇಲ್ಲ, ಸೂಜಿ ಇಲ್ಲ, ಬರೀ ಅಂಗೈ, ಹೆಬ್ಬೆರಳಿನಿಂದ ಒತ್ತುವುದು. ಡಾಕ್ಟರನ್ನು ಕೇಳಿದೆ. ಮೆಲ್ಲಗೆ ಒತ್ತುವುದಾದರೆ ಅಡ್ಡಿಯಿಲ್ಲ ಅಂದರು. ಕರೆದುಕೊಂಡು ಹೋದೆ.

ತಾಯಿ ಅವನನ್ನು ಗಾದಿಯ ಮೇಲೆ ಬಟ್ಟೆ ಸಮೇತ ಮಲಗಿಸಿದರು. ಸೊಂಟ ಮುಟ್ಟಲೇ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ಸುಮ್ಮನೆ ಕುಳಿತರು. ಮೈಯಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗಿರುತ್ತದೆ, ಅದನ್ನು ಸಮ ಮಾಡಬೇಕು ಅಂತ ಮರಾಠಿಯಲ್ಲಿ ವಿವರಿಸಿದರು. ನನಗೆ ಅರ್ಧ ತಿಳಿಯಿತು. ಪೂರ್ತಿ ತಿಳಿದದ್ದು ಬೇರೆ. ಕೈ ಸರಿಸುವ ಮುಂಚೆ ಪ್ರತಿ ಸಲ, ಇಲ್ಲಿ ಒತ್ತಲೇ ಅಂತ ಕೇಳುತ್ತಿದ್ದರು. ಒಮ್ಮೆ ಶಿವಪ್ಪ ಬೇಡ ಅಂದ. ಕೈ ತೆಗೆದರು. ಅಷ್ಟೇ.

ನನಗೆ ಕೂರಲಾಗಲಿಲ್ಲ. ಅವನು ಜಾರಿಲ್ಲ ತಾಯಿ, ಒದ್ದವಳು ನಾನು, ಅವನು ಬೇಡ ಅಂದಿದ್ದ ಅಂತ ಹೇಳಿಬಿಟ್ಟೆ.

ತಾಯಿ ಬೈಯಲಿಲ್ಲ. ಶಿವಪ್ಪ ಕಣ್ಣು ಮುಚ್ಚಿಕೊಂಡೇ ಅಂದ: "ಈಗರ ಹೇಳಿದೆಲ್ಲ ಯಕ್ಕಾ. ನಾ ಭಾಳ ದಿನದಿಂದ ಕಾಯಾಕತ್ತಿದ್ದೆ."

ಗುಣ ಆ ಕೈಯದೋ, ಗುಳಿಗೆಯದೋ, ವಿಶ್ರಾಂತಿಯದೋ ನಾನು ಹೇಳಲಾರೆ. ಕೆಲವು ಸಲ ಹೋಗಿಬಂದ ಮೇಲೆ ಒಂದು ಬೆಳಿಗ್ಗೆ ಅವನು ಬಗ್ಗಿ, ತನ್ನ ಬೂಟಿನ ಲೇಸು ತಾನೇ ಕಟ್ಟಿಕೊಂಡು ಸೈಟಿಗೆ ಹೊರಟ. ನೋಡುತ್ತ ನಿಂತೆ, ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಆಗಲಿ ಬಿಡಿ.

ನಿನ್ನೆ ಶಾಂತವ್ವ ಸೊಂಟ ಹಿಡಿದು ಬಂದು, ಗೋಡೆಗೆ ಮುಖ ಮಾಡಿ ನಿಂತಳು. ಒದೆಯುವುದು ಬಿಟ್ಟಿದ್ದೇನೆ, ಡಾಕ್ಟರ ಹತ್ತಿರ ಹೋಗು ಅಂದೆ. ಶಿವಪ್ಪ ನೆಟ್ಟಗೆ ಕೆಲಸಕ್ಕೆ ಹೋಗುವುದನ್ನು ಕಂಡಿದ್ದವಳು ಸಿಟ್ಟಾದಳು.

"ಖಾಸ ತಮ್ಮಗ ಒದೀತಿ, ನಮಗಂದ್ರ ನಿನ್ನ ಕಾಲು ಏಳೂದಿಲ್ಲೇನು?"