ಕಾವಲಿ ಪಳಗಿಸುವ ಪುಟ್ಟಮಾದಮ್ಮ

ಪುಟ್ಟಮಾದಮ್ಮ ಹೊಸ ಕಾವಲಿಯನ್ನು ಮೊದಲು ಮೂಸಿ ನೋಡುತ್ತಿದ್ದರು. ಮೂಗನ್ನು ಕಬ್ಬಿಣಕ್ಕೆ ತಾಗುವಷ್ಟು ಹತ್ತಿರ ತಂದು, ಕಣ್ಣು ಮುಚ್ಚಿ, ಅಂಚಿನಿಂದ ಅಂಚಿಗೆ ಒಂದು ಸುತ್ತು. ಆಮೇಲೆ ಬೆರಳ ಗೆಣ್ಣಿನಿಂದ ನಡುವೆ ಒಮ್ಮೆ ಬಡಿದು, ಆ ಸದ್ದು ಪೂರ್ತಿ ಆರುವವರೆಗೂ ತಲೆ ವಾರೆ ಮಾಡಿಕೊಂಡು ಕೂರುತ್ತಿದ್ದರು. ಇಷ್ಟಾದ ಮೇಲೇ ಮಾತು. ನಮ್ಮ ಕಾವಲಿಯ ಬಗ್ಗೆ ಅವರು ಆಡಿದ ಮೊದಲ ಮಾತು ನನಗಿನ್ನೂ ನೆನಪಿದೆ. "ಇದ್ರದು ಇನ್ನೂ ಅಂಗಡಿ ವಾಸ್ನೆ ಓಗಿಲ್ಲ ಕಣವ್ವ. ಮನೆ ಸೇರ್ಕಂಡಿವ್ನಿ ಅಂತ ಇದ್ಕೆ ಗೊತ್ತೇ ಇಲ್ಲ" ಅಂದರು.

ನನಗೆ ನಗು ಬಂತು. ಆದರೆ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಅದು. ನಂಜನಗೂಡಿನಲ್ಲಿ ನಮ್ಮವರು ಕೆಲಸಕ್ಕಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯ ಮುಂದಿನ ಭಾಗವನ್ನೇ ತೆರವು ಮಾಡಿ ಒಂದು ದೋಸೆ ಹೋಟೆಲು ಮಾಡುವುದೆಂದು ತೀರ್ಮಾನಿಸಿದೆವು. ದಿನ ಗೊತ್ತುಮಾಡಿ, ನಮ್ಮವರ ಜೊತೆ ಕೆಲಸ ಕಳೆದುಕೊಂಡವರನ್ನೆಲ್ಲ ಕರೆದೂ ಆಗಿತ್ತು. ಮೈಸೂರಿನಿಂದ ಮೂರಡಿ ಉದ್ದದ ದಪ್ಪ ಕಬ್ಬಿಣದ ಕಾವಲಿ ಬಂತು. ಎತ್ತಿಡಲು ಇಬ್ಬರು ಬೇಕು. ಅದರ ಮೇಲೆ ನಾನು ಹುಯ್ದ ಹನ್ನೆರಡು ದೋಸೆಗಳಲ್ಲಿ ಒಂದೂ ಮೇಲೇಳಲಿಲ್ಲ. ಮೊಗಚೆಕೈ ಹಾಕಿ ಎಬ್ಬಿದರೆ ಚೂರುಚೂರು. ನನ್ನ ಕೋಪ ತವರುಮನೆಯಲ್ಲೇ ಹೆಸರುವಾಸಿ. ಮೊಗಚೆಕೈಯನ್ನು ತೆಗೆದು ಹಿತ್ತಿಲಿಗೆ ಎಸೆದೆ. ಹಾಲು ತಂದಿದ್ದ ತಾಂಡವಪುರದ ಮಹದೇವ ಅದನ್ನು ಎತ್ತಿಕೊಡುತ್ತಾ, "ಇದು ನಿಮ್ ಇಟ್ಟಿನ್ ತಪ್ಪಲ್ಲ ಕಣಕ್ಕ. ಕಾವಲಿ ಪಳಗಿಲ್ಲ. ನಮ್ಮೂರ್ಗೆ ಮಗಳ ಮನೇಗೆ ಬಂದವ್ರೆ ಒಬ್ರು. ಕಾವಲಿ ಪಳಗ್ಸೋದ್ರಲ್ಲಿ ಅವ್ರ ಬುಟ್ರೆ ಇನ್ನೊಬ್ರಿಲ್ಲ" ಅಂದ. ಹೋಟೆಲು ತೆರೆಯಲು ಎಂಟೇ ದಿನ ಉಳಿದಿತ್ತು.

ಹಾಗೆ ಬಂದವರು ಪುಟ್ಟಮಾದಮ್ಮ. ಊರು ಟಿ. ನರಸೀಪುರದ ಕಡೆಯ ಹೆಮ್ಮಿಗೆ. ಐವತ್ತು ದಾಟಿದ್ದರು, ಎತ್ತರದ ಸಣಕಲು ಮೈ, ಬಲಗೈಯ ಅಂಗೈ ಮಾತ್ರ ಇಜ್ಜಲು ಮುಟ್ಟಿದಂತೆ ಸದಾ ಕಪ್ಪು. ಆಗ ನಾನು ಅವರನ್ನು ಬಾ, ಹೋಗು ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಅವರು, ಇವರು ಎನ್ನುತ್ತಿದ್ದೇನೆ. ತಡವಾಗಿ ಬಂದ ಬುದ್ಧಿ ಇದು, ಮುಚ್ಚಿಟ್ಟು ಏನು ಪ್ರಯೋಜನ.

ಹಿತ್ತಿಲಲ್ಲಿ ಮೂರು ಕಲ್ಲು ಹೂಡಿಸಿಕೊಂಡು ಅವರು ಕೆಲಸಕ್ಕೆ ಕೂತರು. ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿ ಅಂಗಡಿಯ ಜಿಡ್ಡು ತೆಗೆದರು. ಎರಡು ದಿನ ಕಾವಲಿಯನ್ನು ಅಕ್ಕಿ ತೊಳೆದ ನೀರಲ್ಲಿ ನೆನೆಹಾಕಿದರು. ಮೂರನೆಯ ದಿನ ಹರಳೆಣ್ಣೆ ಸವರಿ ಬಿಸಿಲಿಗಿಟ್ಟರು. ಆಮೇಲೆ ಬೆಂಕಿ. ಅದೂ ತೆಂಗಿನ ಚಿಪ್ಪಿನ ಸಣ್ಣ ಬೆಂಕಿ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುವುದು, ಹೊಗೆ ಏಳುವವರೆಗೂ ಕಾಯುವುದು, ಬಟ್ಟೆಯಲ್ಲಿ ಒರೆಸುವುದು, ಮತ್ತೆ ಅದೇ. "ಮೊಟ್ಟೆ ಒಡ್ದು ಆಕುದ್ರೆ ಬಿರ್ನೆ ಪಳಗ್ತದೆ" ಅಂದರು ಒಮ್ಮೆ. ಒಳಗೆ ಲಿಂಗಪೂಜೆಗೆ ಕೂತಿದ್ದ ನನ್ನ ಅತ್ತೆ ಅಲ್ಲಿಂದಲೇ ಕೆಮ್ಮಿದರು. ಪುಟ್ಟಮಾದಮ್ಮ ಮುಖದಲ್ಲಿ ನಗು ತೋರಿಸದೆ, "ನೀವು ಆಕಂಗಿಲ್ಲ, ಬುಡಿ. ನಿಮ್ ಕಾವಲಿ ಸಸ್ಯಾರಿ. ವಸಿ ನಿಧಾನಕ್ಕೆ ಕಲೀತದೆ" ಎಂದರು.

ನಾನು ಒಳಗೆ ಸಾವಿರ ಕೆಲಸ ಬಿಟ್ಟು ಅವರ ಮುಂದೆ ಹೋಗಿ ನಿಲ್ಲುತ್ತಿದ್ದೆ. ಕಾವಲಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು, ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತರುತ್ತಿದ್ದರು. "ಎಡಗಡೆ ಮೂಲೆ ಇನ್ನೂ ನಿದ್ದೆ ಮಾಡ್ತಾ ಅದೆ" ಎಂದು ಒಂದೇ ಒಂದು ಚಿಪ್ಪನ್ನು ಅತ್ತ ಸರಿಸುವುದು. ನಾನು ನೀರು ಚಿಮುಕಿಸಿ ಪರೀಕ್ಷೆ ಮಾಡುತ್ತಿದ್ದೆ. ಅವರು ಹೇಳಿದ ಮೂಲೆಯಲ್ಲೇ ಹನಿ ಸುಮ್ಮನೆ ಕೂತಿರುತ್ತಿತ್ತು. ಬೂದು ಬಣ್ಣದ ಕಬ್ಬಿಣ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ನೀಲಿಗೆ, ಆಮೇಲೆ ಕಪ್ಪಿಗೆ. ಆ ನೀಲಿ ಬಂದ ಗಳಿಗೆಯಲ್ಲಿ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕಬ್ಬಿಣಕ್ಕೆ ಅಂಥ ಬಣ್ಣವಿದೆ ಎಂದೇ ನನಗೆ ಗೊತ್ತಿರಲಿಲ್ಲ. "ಎಣ್ಣೆ ಕುಡುಸ್ಬೇಕು ಕಣವ್ವ, ಮುಳುಗುಸ್ಬಾರ್ದು. ನಮ್ಗೂ ಅಷ್ಟೇ ಅಲ್ವಾ, ಒಂದೊಂದೇ ತುತ್ತು" ಅನ್ನುತ್ತಿದ್ದರು.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. ನರಸೀಪುರದ ಒಂದು ಹೋಟೆಲಿನ ಹಿತ್ತಿಲಲ್ಲಿ ಹನ್ನೆರಡು ವರ್ಷ ಪಾತ್ರೆ ತೊಳೆದಿದ್ದರಂತೆ. "ಇಟ್ಟು ಮುಟ್ಟಂಗಿರ್ನಿಲ್ಲ ನಾವು. ಕಬ್ಣ ಮುಟ್ಬೋದಿತ್ತು. ಮುಟ್ಬೋದಾಗಿದ್ದುನ್ನ ಕಲ್ತ್ಕಂಡೆ" ಎಂದರು. ಹೌದಾ ಎಂದು ತಲೆಯಾಡಿಸಿ ಒಳಗೆ ಬೇಳೆ ಬೆಂದಿದೆಯೇ ನೋಡಲು ಹೋದೆ. ಆ ಮಾತು ನನ್ನ ಕಿವಿಗೆ ಬಿತ್ತು, ಅಷ್ಟೇ.

ಐದನೆಯ ದಿನ ಸಂಜೆಗೆ ಕಾವಲಿ ಕನ್ನಡಿಯ ಹಾಗೆ ಮಿನುಗುತ್ತಿತ್ತು. ಆರನೆಯ ದಿನ ಅದನ್ನು ಮುಟ್ಟದೆ ಹಾಗೇ ಬಿಡಿ ಎಂದು ಹೇಳಿ ಅವರು ಹೋದರು. ಆ ಆರನೆಯ ದಿನ ನಾನು, ನಮ್ಮವರು ತಟ್ಟೆ ಲೋಟ ತರಲು ಮೈಸೂರಿಗೆ ಹೋಗಿದ್ದೆವು. ಮಧ್ಯಾಹ್ನ ಬಂದು ನೋಡಿದರೆ ಕಾವಲಿ ಬೂದುಬಣ್ಣಕ್ಕೆ ತಿರುಗಿ, ಮೇಲೆ ಮೂರು ಗೆರೆ ವಿಭೂತಿ ಹೊತ್ತು ಕೂತಿದೆ. ಅತ್ತೆ ಇಟ್ಟಿಗೆಪುಡಿ, ಸೋಡ, ತೆಂಗಿನ ನಾರು ಹಾಕಿ ತಿಕ್ಕಿ ತಿಕ್ಕಿ ಐದು ದಿನದ ಕೆಲಸವನ್ನು ಬಚ್ಚಲಿಗೆ ಹರಿಸಿಬಿಟ್ಟಿದ್ದರು. "ಯಾವ ಕೇರಿಯೋಳು ಅಂತ ಇಚಾರ್ಸಿದ್ಯಾ ನೀನು? ನಾನ್ ಇಚಾರ್ಸಿದೆ. ಇನ್ಮೇಲೆ ಇಲ್ಲಿ ತಿನ್ನಾಕ್ ಬರೋರು ನಮ್ಮೋರು. ಮಡಿ ಮಾಡಿವ್ನಿ" ಅಂದರು.

ನಾನು ಕೂಗಾಡಿದ್ದು ಬೀದಿಗೆಲ್ಲ ಕೇಳಿತು. ಸತ್ಯ ಹೇಳಬೇಕೆಂದರೆ, ನಾನು ಕೂಗಾಡಿದ್ದು ಕಾವಲಿಗಾಗಿ. ಅತ್ತೆ ಹೇಳಿದ ಕಾರಣಕ್ಕಾಗಿ ಅಲ್ಲ. ಆ ಕಾರಣದ ಬಗ್ಗೆ ನಾನೊಂದು ಮಾತೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಪುಟ್ಟಮಾದಮ್ಮ ಬಂದರು. ಕಾವಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ವಿಭೂತಿಯ ಗೆರೆಯ ಪಕ್ಕದಲ್ಲಿ ಬೆರಳಾಡಿಸಿದರು. ಗೆರೆಯನ್ನು ಮುಟ್ಟಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಒಮ್ಮೆ ನೋಡಿದರು. ನಾನು ಮತ್ತೆ ಅತ್ತೆಯನ್ನು ಬೈಯಲು ಶುರುಮಾಡಿದೆ. "ಬೈಬ್ಯಾಡಿ ಬುಡಿ. ಒಳ್ಳೆ ಕೈ ಅವ್ವಾರ್ದು. ಅನ್ನೆರಡ್ ವರ್ಸ ಪಾತ್ರೆ ತೊಳ್ದಿವ್ನಿ, ನಾನೂ ಇಷ್ಟ್ ಚೆಂದಾಗ್ ಉಜ್ಜಿರ್ನಿಲ್ಲ" ಎಂದರು ಪುಟ್ಟಮಾದಮ್ಮ. ದನಿಯಲ್ಲಿ ಕುಹಕವಿರಲಿಲ್ಲ. ಅತ್ತೆ ಒಳಗೆ ಹೋದರು.

"ನಾಳಿದ್ದು ಬೆಳಿಗ್ಗೆ ಜನ ಬರ್ತಾರೆ. ಆಗುತ್ತಾ?" ಎಂದೆ.

"ಒಂದ್ಸಲ ಕಲ್ತಿದ್ದು ಪೂರ್ತಿ ಮರೀಯಕಿಲ್ಲ. ಒಳ್ಗಡೆ ಎಲ್ಲೋ ಇರ್ತದೆ. ಕೇಳವ ತಡೀರಿ" ಎಂದು ಸೆರಗು ಸಿಕ್ಕಿಸಿದರು.

ಆ ಎರಡು ದಿನ ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವವರೆಗೂ ಅವರು ಹೊಗೆಯಿಂದ ಏಳಲಿಲ್ಲ. ಕಣ್ಣು ಕೆಂಡವಾಗಿತ್ತು. ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಎಡಗೈಗೆ ಬದಲಾಯಿಸಿದರು, ಕೆಲಸ ನಿಲ್ಲಲಿಲ್ಲ. ಮಧ್ಯಾಹ್ನ ಮಾತ್ರ ಸೀಬೆಮರದ ಕೆಳಗೆ ಕೂತು ತಾವು ತಂದಿದ್ದ ಗಂಟು ಬಿಚ್ಚಿ ತಿನ್ನುತ್ತಿದ್ದರು. ಒಂದು ಕಬ್ಬಿಣದ ತುಂಡಿಗೆ ಯಾರಾದರೂ ಇಷ್ಟು ಪ್ರಾಣ ಕೊಡುತ್ತಾರೆಯೇ ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ಎರಡನೆಯ ಸಂಜೆ ಗೆಣ್ಣಿನಿಂದ ಬಡಿದು, ತಲೆ ವಾರೆ ಮಾಡಿ ಕೇಳಿ, "ಬಂತು" ಎಂದರು.

ತೆರೆಯುವ ದಿನ ಬೆಳಿಗ್ಗೆ ಅವರನ್ನೂ ಬರಹೇಳಿದ್ದೆ. ಮೊದಲ ದೋಸೆ ಅವರು ತಿನ್ನಬೇಕು ಎಂಬುದು ನನ್ನ ಹಟ. ಮೂರು ದೋಸೆ ಅಲ್ಲಲ್ಲಿ ಹಿಡಿದುಕೊಂಡವು. ನಾಲ್ಕನೆಯದರ ಅಂಚು ತಾನಾಗಿಯೇ ಬಿಟ್ಟುಕೊಂಡು ಮೇಲೆದ್ದಿತು. ಮೊಗಚೆಕೈ ಆಡಿಸುವುದೇ ಬೇಡವಾಯಿತು. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಪುಟ್ಟಮಾದಮ್ಮ ಅಲ್ಲಿಂದಲೇ ಕತ್ತು ನೀಡಿ ನೋಡಿದರು. ನಾನು ಆ ದೋಸೆಯನ್ನು ಅವರಿಗೆ ಕೊಡಿ ಎಂದು ಅತ್ತೆಯ ಕೈಗಿತ್ತು ಐದನೆಯದಕ್ಕೆ ಹಿಟ್ಟು ಹುಯ್ದೆ. ಅತ್ತೆ ಒಂದು ಬಾಳೆಲೆಯ ಚೂರಿಗೆ ಅದನ್ನು ಹಾಕಿ, ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಂದರು.

ಪುಟ್ಟಮಾದಮ್ಮ ಎಲೆಯನ್ನು ನೋಡಿದರು. "ನಂಗೊಂದು ನೇಮ ಅದೆ ಕಣವ್ವ. ನಾನ್ ಪಳಗ್ಸಿದ್ ಕಾವಲೀದು ನಾನ್ ತಿನ್ನಕಿಲ್ಲ. ತಿಂದ್ರೆ ಕಾವಲಿ ಕೆಡ್ತದೆ" ಎಂದು ನನಗೆ ಕೈಮುಗಿದು ಹೊರಟರು. ಕೂಲಿ ತೆಗೆದುಕೊಂಡರು, ದೋಸೆ ಅಲ್ಲೇ ಉಳಿಯಿತು.

ಅವರ ನೇಮವನ್ನು ನಾನು ಎಷ್ಟು ಹೆಮ್ಮೆಯಿಂದ ಊರಿಗೆಲ್ಲ ಹೇಳಿದೆ. ದೋಸೆ ಚೆನ್ನಾಗಿದೆ ಎಂದವರಿಗೆಲ್ಲ, ಪಳಗಿಸಿದಾಕೆ ಎಂಥ ವ್ರತಸ್ಥೆ ಗೊತ್ತಾ, ತಾನು ಪಳಗಿಸಿದ ಕಾವಲಿಯ ದೋಸೆ ಬಾಯಿಗಿಡುವುದಿಲ್ಲ ಎಂದು ಸಾರುತ್ತಿದ್ದೆ. ವರ್ಷಕ್ಕೊಮ್ಮೆ ಅವರು ಬಂದು ಕಾವಲಿಯನ್ನು ಮೂಸಿ, ಬಡಿದು, ಹೋಗುತ್ತಿದ್ದರು. ಪ್ರತಿಸಲವೂ ನಾನು ಒಂದು ದೋಸೆ ತಿನ್ನು ಎನ್ನುವುದು, ಅವರು ನೇಮ ಎನ್ನುವುದು. ಅತ್ತೆಯೂ ಬದಲಾದರು ಅನ್ನಿ, ಕಾವಲಿಯ ಮಟ್ಟಿಗೆ. ಅದಕ್ಕೆ ಸೋಪು ತೋರಿಸಿದವರ ಕೈ ಮುರೀತೀನಿ ಎಂದು ಕೆಲಸದವರಿಗೆ ಸಾಯುವವರೆಗೂ ಹೆದರಿಸುತ್ತಿದ್ದರು. ಅಂದಿನ ಸಂಗತಿಯನ್ನು ಮಾತ್ರ ಎಂದೂ ಎತ್ತಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಪುಟ್ಟಮಾದಮ್ಮ ಬರುವುದು ನಿಂತಿತು. ಮಂಡಿನೋವಿಗೆ ಊರಿಗೇ ಹೋಗಿದ್ದಾರೆ ಎಂದು ಮಹದೇವ ಹೇಳಿದ. ಮನೆಮನೆಗೆ ಅಂಟದ ತವಾ ಬಂದು ಅವರನ್ನು ಕರೆಯುವವರೂ ಕಡಿಮೆಯಾಗಿದ್ದರು. ನರಸೀಪುರದಲ್ಲಿ ಒಂದು ಮದುವೆಗೆ ಹೋದವಳು ಅಲ್ಲಿಂದ ಹೆಮ್ಮಿಗೆಯ ಬಸ್ಸು ಹತ್ತಿದೆ. ಕೇರಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬುದ್ಧನ ಪಟದ ಕೆಳಗೆ ಗೋಡೆಗೊರಗಿ ಕೂತಿದ್ದರು, ಕಣ್ಣು ಮಂಜಾಗಿತ್ತು. ಯಾರು ಎಂದು ಕೇಳದೆ ನನ್ನ ಬಲಗೈ ಹಿಡಿದು ಮೂಗಿನ ಹತ್ತಿರ ತಂದು ಮೂಸಿದರು. "ನಂಜನಗೂಡ್ ಅವ್ವಾರು. ಕಾವಲಿ ಚೆಂದಾಗ್ ಅದೆ. ಆದ್ರೆ ಎಣ್ಣೆ ಬದ್ಲಾಯ್ಸಿದ್ದೀರಿ" ಎಂದರು. ಬದಲಾಯಿಸಿ ಒಂದು ತಿಂಗಳಾಗಿತ್ತು.

ತೆವಳಿಕೊಂಡೇ ಒಲೆಯ ಮುಂದೆ ಹೋಗಿ, ಮದುವೆಯಾಗಿ ಬಂದ ವರ್ಷ ತಾವು ಪಳಗಿಸಿದ ಪುಟ್ಟ ಕಾವಲಿಯ ಮೇಲೆ ಎರಡು ದೋಸೆ ಹುಯ್ದರು. ಬೆಳಗಿದ ಸ್ಟೀಲ್ ತಟ್ಟೆಯಲ್ಲಿ ನನಗೊಂದು ಕೊಟ್ಟು, ಅಂಥದೇ ತಟ್ಟೆಯಲ್ಲಿ ತಾವೂ ಒಂದು ಹಾಕಿಕೊಂಡು ತಿನ್ನತೊಡಗಿದರು. ನಾನು ಪೆದ್ದಿಯ ಹಾಗೆ, "ನಿನಗೆ ನೇಮ ಅಲ್ವಾ, ಪಳಗಿಸಿದ ಕಾವಲೀದು ತಿನ್ನಬಾರದು ಅಂತ?" ಎಂದೆ.

ಅವರು ಬಾಯಲ್ಲಿದ್ದುದನ್ನು ನುಂಗಿದರು. "ಇಲ್ಲಿ ತಟ್ಟೆ ಅದೆಯಲ್ಲವ್ವ" ಎಂದರು.

ಅಷ್ಟೇ. ಮತ್ತೆ ತಿನ್ನತೊಡಗಿದರು. ನನಗೆ ಹೋಟೆಲು ತೆರೆದ ದಿನದ ಆ ಒಗೆಯುವ ಕಲ್ಲು ಕಣ್ಣಿಗೆ ಕಟ್ಟಿತು. ಮೈಸೂರಿನಿಂದ ನಾನೇ ತಂದಿದ್ದ ನಾಲ್ಕು ಡಜನ್ ಹೊಸ ತಟ್ಟೆ ಒಳಗೆ ಹೊಳೆಯುತ್ತಿದ್ದವು. ಅಷ್ಟು ವರ್ಷ ನಾನು ಊರಿಗೆಲ್ಲ ಸಾರಿದ್ದು ಅವರ ವ್ರತವನ್ನಲ್ಲ, ನನ್ನ ಮನೆಯ ನಾಚಿಕೆಯನ್ನು. ತಪ್ಪಾಯ್ತು ಎಂದೆ. ನಂಜನಗೂಡಿಗೆ ಬನ್ನಿ, ಒಳಗೆ ಕೂರಿಸಿ ತಟ್ಟೆಯಲ್ಲಿ ಹಾಕಿಕೊಡುತ್ತೇನೆ ಎಂದೆ.

"ನನ್ ಮಂಡಿ ಬಸ್ ಅತ್ತಕಿಲ್ಲ. ಕಾವಲೀನೇ ತಕಂಡು ಬನ್ನಿ. ಅಷ್ಟ್ ಕಷ್ಟಪಟ್ಟಿದ್ದು ಎಂಗಾಗದೆ ಅಂತ ಒಂದ್ ದಪ ತಿಂದ್ ನೋಡ್ಬುಡ್ತೀನಿ. ಆಸೆ ಅದೆ ಕಣವ್ವ" ಎಂದರು.

ಬಂದೇ ಬರುತ್ತೇನೆ ಎಂದು ಮಾತು ಕೊಟ್ಟು ಬಂದೆ. ಕಾವಲಿ ಎತ್ತಬೇಕು, ಆಟೋ ಮಾಡಬೇಕು, ಒಂದು ದಿನ ಹೋಟೆಲು ಮುಚ್ಚಬೇಕು. ಸೋಮವಾರ ದೇವಸ್ಥಾನದ ಜನ ಜಾಸ್ತಿ, ಆಗಲ್ಲ. ಮದುವೆ ತಿಂಗಳು, ಆಗಲ್ಲ. ಒಲೆಯ ಕೆಲಸದವನು ರಜ, ಆಗಲ್ಲ. ಮುಂದಿನ ವಾರ, ಮುಂದಿನ ವಾರ ಎಂದು ಏಳು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ತಾಂಡವಪುರದ ಅವರ ಮಗಳು ಜಯಮ್ಮ ಹೆಮ್ಮಿಗೆಯಿಂದ ಬಂದು ಹೊರಗೇ ನಿಂತಳು. ಹೋಟೆಲು ತುಂಬಿತ್ತು. ಮುಖ ನೋಡಿಯೇ ನನಗೆ ಗೊತ್ತಾಯಿತು. "ಅವ್ವ ನೆನ್ನೆ ಓಗ್ಬುಡ್ತು ಕಣಕ್ಕ. ಆಟೋ ಸದ್ದಾದಾಗ್ಲೆಲ್ಲ ಕಾವಲಿ ಬಂತಾ ನೋಡು ಅಂತಿತ್ತು" ಎಂದಳು. ಕೈಹಿಡಿದು ಒಳಗೆ ಕರೆತಂದು ಕೂರಿಸಿದೆ.

ಆಮೇಲೆ ಆ ದಿನದ ಮಟ್ಟಿಗೆ ಹೋಟೆಲು ಮುಚ್ಚಿದೆವು. ತಿನ್ನುತ್ತಿದ್ದವರು ಕೈತೊಳೆದು ಎದ್ದರು, ನಾನು ಒಲೆ ಆರಿಸಿದೆ, ನಮ್ಮವರು ಬಾಗಿಲು ಎಳೆದರು. ಕಾಲು ಗಂಟೆಯೂ ಹಿಡಿಯಲಿಲ್ಲ.