ಬಹುಮತದ ಶಾಲು

ಎಂಬತ್ತರ ದಶಕದ ಮಾತು. ಅಮೆರಿಕದ ಫ್ರೀಮಾಂಟಿನಲ್ಲಿದ್ದ ನನ್ನ ತಂಗಿ ವಿಮಲಾಳ ಮನೆಯಿಂದ ನಾವಿಬ್ಬರೂ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಚೀಲದಲ್ಲಿ ಒಂದು ಹತ್ತಿ ಶಾಲು. ದಾವಣಗೆರೆಯ ಮಿಲ್ಲಿನ ಹೆಂಗಸರು ಅಂಚು ಹೊಲಿದು ಕೊಟ್ಟದ್ದು. "ಆಯಮ್ಮಗೆ ನಿಮ್ ಕೈಯಾರೆ ಹೊದ್ಸೇ ಬರ್ಬೇಕು ನೋಡ್ರಿ ಟೀಚರ್" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಆಯಮ್ಮ ಎಂದರೆ ರೂತ್. ಯೂರೋಪಿನಲ್ಲಿ ಫ್ಯಾಸಿಸ್ಟರು ಮೆರೆಯುತ್ತಿದ್ದ ಮೂವತ್ತರ ದಶಕದಲ್ಲಿ, ಅವರ ಹಡಗಿಗೆ ಸರಕು ಏರಿಸಲು ಒಪ್ಪದ ಸ್ಯಾನ್ ಫ್ರಾನ್ಸಿಸ್ಕೊದ ಬಂದರು ಕೂಲಿಗಳ ಮೇಲೆ ಕಾದಂಬರಿ ಬರೆದವರು. ಕಮ್ಯುನಿಸ್ಟರ ಕೆಂಪು ಪುಸ್ತಕವೆಂದು ಅಮೆರಿಕದವರೇ ಅದನ್ನು ಮೂಲೆಗೆಸೆದರು. ನಾನು ಕನ್ನಡಕ್ಕೆ ತಂದೆ. ಪಾಳಿ ಮುಗಿಸಿ ಮಿಲ್ಲಿನ ಗೇಟಿನಲ್ಲಿ ಕೂತು ಅದನ್ನು ಓದಿಸಿ ಕೇಳಿದ ನಮ್ಮ ಹೆಂಗಸರು, ಇದು ನಮ್ಮದೇ ಕಥೆ ಎಂದುಬಿಟ್ಟರು. ಅಂದು ಬಂದರಿನವರ ಸಭೆಯಲ್ಲಿ ರೂತ್ ಮತ್ತು ನಾನು ಅದನ್ನು ಓದುವುದಿತ್ತು.

ರೈಲಿನ ಟಿಕೆಟ್ಟು ಎರಡು ಡಾಲರಿನ ಆಸುಪಾಸು. ದಾರಿಯುದ್ದಕ್ಕೂ ವಿಮಲಾ ಗಂಡನ ಎಚ್ಚರಿಕೆಯನ್ನೇ ಒಪ್ಪಿಸುತ್ತಿದ್ದಳು: ಗ್ರೀನ್ ಕಾರ್ಡು ಇನ್ನೂ ಬಂದಿಲ್ಲ, ಕೆಂಪಿನವರ ಮೀಟಿಂಗಿನಲ್ಲಿ ಯಾರಾದರೂ ಫೋಟೋ ಹಿಡಿದರೆ ಏನು ಗತಿ. ನೀರಿನಡಿಯ ಸುರಂಗದಲ್ಲಿ ಕಿವಿ ಗುಂಯ್ ಎಂದಾಗ ಸುಮ್ಮನಾದಳು, ಸದ್ಯ. ಆಚೆ ದಡದಲ್ಲಿ ಮೇಲೆ ಬಂದರೆ ಬರೀ ಮಂಜು, ಗಾಳಿ. ಜುಲೈ ಅಂತೆ, ಬೇಸಿಗೆಯಂತೆ! ಹಲ್ಲು ಕಟಕಟಿಸುತ್ತಾ ಬಂದರಿನ ಕಾರ್ಮಿಕರ ಹಾಲ್ ಸೇರಿದೆವು.

"ಅಕ್ಕಾ, ನಾನು ಲಾಸ್ಟ್ ರೋನಲ್ಲಿ ಕೂತ್ಕೋತೀನಿ. ನನ್ನ ಕರೀಬೇಡ" ಎಂದು ವಿಮಲಾ ಆ ಮಂಜಿನಲ್ಲೂ ಕಪ್ಪು ಕನ್ನಡಕ ಏರಿಸಿದಳು. ಪುಕ್ಕಲಿ.

ಹಾಲ್ ತುಂಬ ಹಳೆಯ ಹಮಾಲರು, ಕಾಫಿಯ ಘಮ. ಎಂಬತ್ತು ದಾಟಿದ ರೂತ್ ಕೋಲೂರಿ ನಿಂತು ಎರಡು ಪುಟ ಓದಿದರು. ಅದನ್ನೇ ನಾನು ಕನ್ನಡದಲ್ಲಿ ಓದಿದೆ. ಒಂದಕ್ಷರ ತಿಳಿಯದಿದ್ದರೂ ಮುದುಕರು ನೆಲಕ್ಕೆ ಬೂಟು ಬಡಿದು ಸದ್ದೆಬ್ಬಿಸಿದರು. ನಾನು ಉಬ್ಬಿಹೋದೆ. ನಮ್ಮೂರ ಪದ್ಧತಿಯಂತೆ ಸನ್ಮಾನ ಮಾಡೋಣವೆಂದು ಶಾಲು ಬಿಡಿಸಿದೆ.

ರೂತ್ ಕೋಲು ಅಡ್ಡ ಹಿಡಿದರು. "ಬೇಡ. ಒಬ್ಬರನ್ನು ವೇದಿಕೆಯ ಮೇಲೆ ಮೆರೆಸಿ ಉಳಿದವರು ಕೆಳಗೆ ಚಪ್ಪಾಳೆ ತಟ್ಟುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಾನು ಕಂಡಿದ್ದೇನೆ. ಅದರ ವಿರುದ್ಧವೇ ಆ ಪುಸ್ತಕ ಬರೆದದ್ದು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಊರಿಗೆ ಹೋಗಿ ಆ ಹೆಂಗಸರಿಗೆ ಯಾವ ಮುಖ ತೋರಿಸಲಿ? ಸಭೆಯ ಕಡೆ ತಿರುಗಿ, ಇದನ್ನು ಹೊಲಿದವರು ಯಾರು, ಪುಸ್ತಕ ಕೇಳುತ್ತಾ ಎಲ್ಲೆಲ್ಲಿ ಕಣ್ಣೊರೆಸಿಕೊಂಡರು ಎಂಬುದನ್ನೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಅಧ್ಯಕ್ಷತೆ ವಹಿಸಿದ್ದ ದಪ್ಪ ಮೀಸೆಯ ಹಮಾಲ ಎದ್ದು ಗಂಟಲು ಸರಿಮಾಡಿಕೊಂಡ. ಈ ಹಾಲಿನಲ್ಲಿ ಯಾವುದನ್ನೂ ಒಬ್ಬರೇ ತೀರ್ಮಾನಿಸುವುದಿಲ್ಲ, ರೂತ್ ಕೂಡ. ಮತಕ್ಕೆ ಹಾಕೋಣ, ಒಳಗಿರುವವರೆಲ್ಲ ಕೈ ಎತ್ತಬಹುದು ಎಂದ. ಹೊದಿಸಬೇಕು ಎನ್ನುವವರು?

ಮೊದಲು ಎದ್ದ ಕೈ ಕೊನೆಯ ಸಾಲಿನದು. ಗಾಜಿನ ಬಳೆಯ ಕೈ! ವಿಮಲಾ ಕನ್ನಡಕ ಹಣೆಗೇರಿಸಿಕೊಂಡು ನಿಂತೇ ಬಿಟ್ಟಿದ್ದಳು. ಅವಳ ಹಿಂದೆಯೇ ಇಡೀ ಹಾಲ್ ಕೈ ಎತ್ತಿತು. ಬೇಡ ಎನ್ನುವವರು? ರೂತ್ ಅವರ ಕೋಲೊಂದೇ ಮೇಲೆದ್ದಿತು.

ಅವರು ಸುತ್ತ ನೋಡಿದರು, ನಕ್ಕರು, ತಲೆ ಬಾಗಿಸಿದರು. "ಸೋತೆ. ಆ ಫ್ಯಾಸಿಸ್ಟರು ಸೋಲನ್ನು ಎಂದೂ ಒಪ್ಪುತ್ತಿರಲಿಲ್ಲ. ನಾನು ಒಪ್ಪುತ್ತೇನೆ. ಹೊದಿಸಿ."

ಹೊದಿಸಿದೆ. ಹಾಲ್ ಅದುರಿಹೋಯಿತು. ಗೆದ್ದೆವು ಕಣ್ರೇ! ಬೀದಿಗಿಳಿದು ತಿರುಗಿ ನೋಡಿದರೆ, ಆ ಹಟಮಾರಿ ಅಜ್ಜಿ ಬಾಗಿಲಲ್ಲೇ ನಿಂತು, ತಮ್ಮ ವಿರುದ್ಧ ಕೈ ಎತ್ತಿದವರನ್ನು ಒಬ್ಬೊಬ್ಬರನ್ನಾಗಿ ತಡೆದು ಶಾಲು ತೋರಿಸುತ್ತಿದ್ದರು.